ಚಾಟ್‌ಜಿಪಿಟಿ ಬರೆದುಕೊಟ್ಟದ್ದು ತಲೆಯಲ್ಲಿ ಯಾಕೆ ಉಳಿಯುವುದಿಲ್ಲ?

ಧಾರವಾಡದ ಸಪ್ತಾಪುರದಲ್ಲಿ ರೀಡಿಂಗ್ ರೂಮುಗಳಿಗೆ ಬರವಿಲ್ಲ. ಪಿಡಿಒ, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ಕುರ್ಚಿ ಹಿಡಿದು ಕೂತಿರುತ್ತಾರೆ. ಮೇಜಿನ ಮೇಲೆ ನೋಟ್ಸು, ನೀರಿನ ಬಾಟಲಿ, ಪಕ್ಕದಲ್ಲೇ ಫೋನು. ಆ ಫೋನಿಗೆ 2025ರಲ್ಲಿ ಒಂದಕ್ಕೊಂದು ಹೊಂದದ ಎರಡು ಸುದ್ದಿ ಬಂದವು.

ಒಂದು, ಎಐ ಪುಕ್ಕಟೆ. ಜುಲೈಯಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಉಚಿತ ಅಂದಿತು. ಅಕ್ಟೋಬರ್ ಕೊನೆಗೆ ಜಿಯೊ ಬಂದು ಜೆಮಿನೈ 18 ತಿಂಗಳು ಉಚಿತ ಅಂದಿತು. ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಕೂಡ ಭಾರತದಲ್ಲಿ ಒಂದು ವರ್ಷ ಉಚಿತವಾಯಿತು. ಇನ್ನೊಂದು ಸುದ್ದಿ ಜೂನ್‌ನಿಂದಲೇ ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು: ಎಐ ಬಳಸಿದರೆ ಮೆದುಳು ಸವೆಯುತ್ತದೆ, ನೆನಪು ಹೋಗುತ್ತದೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಧ್ಯಯನವೇ ಹೇಳಿದೆ.

ನೆನಪನ್ನೇ ಬಂಡವಾಳ ಮಾಡಿಕೊಂಡು ಕೂತವರಿಗೆ ಇದು ಸುಮ್ನೆ ಓದಿ ಬಿಡುವ ಸುದ್ದಿ ಅಲ್ಲ. ಹಾಗಾದರೆ ಫೋನು ಪಕ್ಕಕ್ಕಿಡಬೇಕಾ, ಅಥವಾ ಸುದ್ದಿಯೇ ಉತ್ಪ್ರೇಕ್ಷೆಯಾ? ಎರಡಕ್ಕೂ ಉತ್ತರ ಬೇಕಾದರೆ ಆ ಅಧ್ಯಯನದಲ್ಲಿ ಏನಾಯಿತು ಅಂತ ಮೊದಲು ನೋಡಬೇಕು, ಆಮೇಲೆ ಮೆದುಳಿನ ಒಳಗೆ ಹೋಗಬೇಕು.

54 ಮಂದಿ, 32 ಎಲೆಕ್ಟ್ರೋಡು

ಎಂಐಟಿ ಮೀಡಿಯಾ ಲ್ಯಾಬ್‌ನ ನತಾಲಿಯಾ ಕೊಸ್ಮಿನಾ ಮತ್ತು ಸಂಗಡಿಗರು ಬಿಡುಗಡೆ ಮಾಡಿದ್ದು 206 ಪುಟದ ವರದಿ. ಬೋಸ್ಟನ್ ಸುತ್ತಮುತ್ತಲಿನ 18ರಿಂದ 39 ವರ್ಷದ 54 ಜನರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಚಾಟ್‌ಜಿಪಿಟಿ, ಎರಡನೆಯದಕ್ಕೆ ಗೂಗಲ್‌ನಂಥ ಹುಡುಕಾಟ, ಮೂರನೆಯದಕ್ಕೆ ಬರೀ ಸ್ವಂತ ತಲೆ. ಒಂದೊಂದು ಪ್ರಬಂಧಕ್ಕೆ 20 ನಿಮಿಷ. ಬರೆಯುವಾಗ ತಲೆಗೆ 32 ಎಲೆಕ್ಟ್ರೋಡುಗಳ ಟೋಪಿ ಹಾಕಿ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಹೀಗೆ ಮೂರು ಸುತ್ತು.

ಬರೆದು ಮುಗಿಸಿದ ಮೇಲೆ ಒಂದು ಸಣ್ಣ ಪ್ರಶ್ನೆ: ಈಗಷ್ಟೇ ಬರೆದಿರಲ್ಲ, ಅದರಲ್ಲಿನ ಒಂದು ವಾಕ್ಯ ಹೇಳಿ. ಮೊದಲ ಸುತ್ತಿನಲ್ಲಿ ಚಾಟ್‌ಜಿಪಿಟಿ ಗುಂಪಿನ 18 ಜನರಲ್ಲಿ 15 ಮಂದಿ ತಡವರಿಸಿದರು, ಅಂದರೆ ಶೇ 83. ಉಳಿದ ಎರಡು ಗುಂಪುಗಳಲ್ಲಿ ತಡವರಿಸಿದವರು ತಲಾ ಇಬ್ಬರು ಮಾತ್ರ. ಮೆದುಳಿನ ಬೇರೆ ಬೇರೆ ಭಾಗಗಳ ನಡುವಿನ ಸಂಪರ್ಕ ಸ್ವಂತ ತಲೆಯವರಲ್ಲಿ ಹೆಚ್ಚು, ಹುಡುಕಾಟದವರಲ್ಲಿ ಮಧ್ಯಮ, ಚಾಟ್‌ಜಿಪಿಟಿಯವರಲ್ಲಿ ಎಲ್ಲಕ್ಕಿಂತ ಕಡಿಮೆ. ಕೆಲವು ಅಳತೆಗಳಲ್ಲಿ ಈ ಇಳಿಕೆ ಶೇ 55ರವರೆಗೆ ಇತ್ತು. ಸುದ್ದಿಯ ತಲೆಬರಹಕ್ಕೆ ಸಿಕ್ಕಿದ್ದು ಈ ಎರಡು ಸಂಖ್ಯೆ.

ತಲೆಬರಹಕ್ಕೆ ಸಿಗದೇ ಹೋದದ್ದೂ ಇದೆ. ಮುಂದಿನ ಸುತ್ತುಗಳಲ್ಲಿ, ವಾಕ್ಯ ಕೇಳುತ್ತಾರೆ ಅಂತ ಗೊತ್ತಾದ ಮೇಲೆ, ಚಾಟ್‌ಜಿಪಿಟಿ ಗುಂಪಿನವರೂ ಸುಧಾರಿಸಿದರು. ನಾಲ್ಕನೇ ಸುತ್ತಿಗೆ ಬಂದದ್ದು ಬರೀ 18 ಮಂದಿ. ಅದರಲ್ಲಿ ಜಾಗ ಅದಲು ಬದಲು ಮಾಡಿದರು. ಮೊದಲಿನಿಂದ ಸ್ವಂತ ತಲೆಯಲ್ಲಿ ಬರೆದವರ ಕೈಗೆ ಚಾಟ್‌ಜಿಪಿಟಿ ಕೊಟ್ಟಾಗ ಅವರ ಮೆದುಳು ಮಂಕಾಗಲಿಲ್ಲ, ಚುರುಕಾಗಿಯೇ ಇತ್ತು, ನೆನಪೂ ಚೆನ್ನಾಗಿತ್ತು. ಮೊದಲಿನಿಂದ ಚಾಟ್‌ಜಿಪಿಟಿ ಹಿಡಿದವರಿಂದ ಅದನ್ನು ಕಸಿದುಕೊಂಡಾಗ ಸಂಪರ್ಕ ದುರ್ಬಲವಾಗಿಯೇ ಉಳಿಯಿತು. ಇಡೀ ವರದಿಯಲ್ಲಿ ಹೆಚ್ಚು ಯೋಚಿಸಬೇಕಾದ ಭಾಗ ಇದೇ. ಆದರೆ 18 ಮಂದಿಯ ಮೇಲೆ ದೊಡ್ಡ ಮನೆ ಕಟ್ಟಲು ಆಗುವುದಿಲ್ಲ.

ಇನ್ನೂ ಒಂದು. ಈ ವರದಿ ಸುದ್ದಿಯಾಗಿದ್ದು ಬೇರೆ ವಿಜ್ಞಾನಿಗಳು ತಪ್ಪು ಒಪ್ಪು ನೋಡುವ ಮೊದಲೇ. ಮೆದುಳು ಕೊಳೆಯಿತು, ಹಾಳಾಯಿತು, ಜನ ದಡ್ಡರಾದರು ಅನ್ನುವ ಪದ ದಯವಿಟ್ಟು ಬಳಸಬೇಡಿ ಅಂತ ಲೇಖಕರೇ ಪತ್ರಕರ್ತರನ್ನು ಕೇಳಿಕೊಂಡಿದ್ದರು. ಆ ಮನವಿಗೆ ಏನು ಬೆಲೆ ಸಿಕ್ಕಿತು ಅನ್ನುವುದು ನಿಮ್ಮ ವಾಟ್ಸಾಪ್‌ಗೆ ಗೊತ್ತು.

ಮದುವೆ ಮನೆಯ ಹೊರಗೆ ನಿಂತಂತೆ

ಆ ಟೋಪಿಯ ಹೆಸರು ಇಇಜಿ. ಇದು ತಲೆಬುರುಡೆಯ ಹೊರಗಿನಿಂದ ಮೆದುಳಿನ ಸದ್ದು ಕೇಳುವ ಉಪಾಯ. ಕಲ್ಯಾಣ ಮಂಟಪದ ಹೊರಗೆ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಗದ್ದಲ ಜೋರಾಗಿದೆಯಾ, ಊಟ ನಡೆದಿದೆಯಾ, ಓಲಗ ಊದುತ್ತಿದ್ದಾರಾ ಅನ್ನುವುದು ತಿಳಿಯುತ್ತದೆ. ಮೂಲೆಯಲ್ಲಿ ಕೂತ ಸೋದರಮಾವ ಯಾರ ಕಿವಿಯಲ್ಲಿ ಏನು ಹೇಳಿದ ಅಂತ ತಿಳಿಯುವುದಿಲ್ಲ. ಇಇಜಿಯೂ ಹಾಗೇ. ಮೆದುಳಿನ ಹೊರ ಪದರದ ಗದ್ದಲವನ್ನು ಕ್ಷಣ ಕ್ಷಣಕ್ಕೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಹೊಸ ನೆನಪು ಕಟ್ಟುವ ಮುಖ್ಯ ಭಾಗ ಆಳದಲ್ಲಿದೆ, ಅಲ್ಲಿಂದ ಟೋಪಿಗೆ ಬರುವ ಸದ್ದು ತೀರಾ ಕ್ಷೀಣ.

ಹಾಗಾಗಿ ಸಂಪರ್ಕ ಕಡಿಮೆಯಾಯಿತು ಅಂದರೆ ಆ 20 ನಿಮಿಷ ಮೆದುಳು ಕಡಿಮೆ ದುಡಿಯಿತು ಅಂತ ಅರ್ಥ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿ ಬಂದವರ ಕಾಲು ನಡೆದು ಬಂದವರಷ್ಟು ದುಡಿದಿರುವುದಿಲ್ಲ. ಅಷ್ಟಕ್ಕೇ ಕಾಲು ಸೊರಗಿತು ಅನ್ನುತ್ತೀರಾ? ಹತ್ತು ವರ್ಷ ಎದುರಿನ ಅಂಗಡಿಗೂ ಗಾಡಿಯಲ್ಲೇ ಹೋದರೆ ಅದು ಬೇರೆ ಮಾತು. ಈ ಅಧ್ಯಯನ ನಡೆದದ್ದು ನಾಲ್ಕು ತಿಂಗಳು. ಮೆದುಳು ಸವೆದದ್ದನ್ನು ಅದು ಅಳೆದಿಲ್ಲ. ಬರೆದದ್ದು ತಲೆಗೆ ಇಳಿಯಲಿಲ್ಲ ಅನ್ನುವುದನ್ನು ಮಾತ್ರ ತೋರಿಸಿದೆ. ಇಳಿಯದೇ ಇರಲು ಕಾರಣ ಏನು ಅನ್ನುವುದಕ್ಕೆ ಉತ್ತರ ಇದಕ್ಕಿಂತ ಹಳೆಯದು.

ನೆನಪು ಒಂದೇ ಟ್ರಂಕಿನಲ್ಲಿಲ್ಲ

ನೆನಪಿನ ಶಕ್ತಿ ಅನ್ನುವ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಒಂದು ಟ್ರಂಕು ಇದೆ, ಕೆಲವರದು ದೊಡ್ಡದು ಕೆಲವರದು ಸಣ್ಣದು, ತುಂಬಿಸಿದರೆ ತುಂಬುತ್ತದೆ ಅಂತ ಅಂದುಕೊಂಡಿರುತ್ತೇವೆ. ಹಾಗಲ್ಲ ಅಂತ ಜಗತ್ತಿಗೆ ಗೊತ್ತಾದದ್ದು ಒಬ್ಬ ಮನುಷ್ಯನ ದೊಡ್ಡ ನಷ್ಟದಿಂದ.

1953ರ ಆಗಸ್ಟ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಆಪರೇಷನ್ ಮಾಡಿದರು. ಮೂರ್ಛೆರೋಗ ವಿಪರೀತವಾಗಿತ್ತು, ಔಷಧಕ್ಕೆ ಬಗ್ಗುತ್ತಿರಲಿಲ್ಲ. ಮೆದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ಒಳಗಡೆ, ಕಡಲಕುದುರೆಯಂತೆ ಬಾಗಿರುವ ಹಿಪೊಕ್ಯಾಂಪಸ್ ಎಂಬ ಭಾಗ ಇದೆ. ಅದರ ಬಹುಪಾಲನ್ನೂ ಅಕ್ಕಪಕ್ಕದ ಅಂಗಾಂಶವನ್ನೂ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಬುದ್ಧಿ ನೆಟ್ಟಗಿತ್ತು, ಮಾತು ನೆಟ್ಟಗಿತ್ತು, ಬಾಲ್ಯದ ನೆನಪೂ ಇತ್ತು. ಆದರೆ ಅಂದಿನಿಂದ 2008ರಲ್ಲಿ ಸಾಯುವವರೆಗೆ ಹೊಸದಾಗಿ ಕಂಡವರು, ಕೇಳಿದ ಸಂಗತಿ ಹೆಚ್ಚುಕಡಿಮೆ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಮಾತಾಡಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರೆ, ಬಂದವರು ಮತ್ತೆ ಹೊಸಬರು.

ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವರಿಗೆ ಒಂದು ಆಟ ಕೊಟ್ಟರು. ಕಾಗದದ ಮೇಲೆ ಒಂದು ನಕ್ಷತ್ರ, ಅದರೊಳಗೆ ಇನ್ನೊಂದು ಸಣ್ಣ ನಕ್ಷತ್ರ. ಎರಡು ಗೆರೆಗಳ ನಡುವಿನ ಸಂದಿಯಲ್ಲಿ ಪೆನ್ಸಿಲ್ ಓಡಿಸಬೇಕು. ಕೈಯೂ ಕಾಗದವೂ ನೇರ ಕಾಣದಂತೆ ಅಡ್ಡ ಇಟ್ಟಿರುತ್ತಾರೆ, ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ. ಮನೆಯಲ್ಲಿ ಮಾಡಿ ನೋಡಿ. ನೇರ ಗೆರೆ ಹೇಗೋ ಆಗುತ್ತದೆ, ಮೂಲೆ ಬಂದ ಕೂಡಲೇ ಕೈ ಉಲ್ಟಾ ಓಡುತ್ತದೆ. ಮೊಲೈಸನ್ ಅವರಿಗೂ ಮೊದಲ ದಿನ ಹಾಗೇ ಆಯಿತು. ಎರಡನೇ ದಿನ ತಪ್ಪು ಕಡಿಮೆ. ಮೂರನೇ ದಿನ ಪೆನ್ಸಿಲ್ ಸಲೀಸಾಗಿ ಓಡಿತು. ಸೋಜಿಗ ಏನೆಂದರೆ, ಈ ಆಟವನ್ನು ಮೊದಲು ಆಡಿದ್ದೇನೆ ಅನ್ನುವ ನೆನಪು ಅವರಿಗೆ ಒಂದು ದಿನವೂ ಇರಲಿಲ್ಲ. ಕೈ ಕಲಿತಿತ್ತು, ಮನುಷ್ಯನಿಗೆ ಗೊತ್ತಿರಲಿಲ್ಲ.

ಇದರಿಂದ ಎರಡು ವಿಷಯ ಬೇರೆ ಬೇರೆ ಆದವು. ಏನು, ಯಾವಾಗ, ಎಲ್ಲಿ ಅನ್ನುವ ನೆನಪಿಗೆ ಹಿಪೊಕ್ಯಾಂಪಸ್ ಬೇಕೇ ಬೇಕು. ಹೇಗೆ ಮಾಡುವುದು ಅನ್ನುವ ಕೈಚಳಕದ ನೆನಪು ಬೇರೆ ದಾರಿಯದು. ಅದರ ಯಜಮಾನರು ಮೆದುಳಿನ ನಡುಭಾಗದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂದುಗಡೆ ಕೆಳಗಿರುವ ಕಿರುಮೆದುಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ತಬಲಾ, ಹಾರ್ಮೋನಿಯಂ ಕಲಿಯುತ್ತಾರಲ್ಲ, ಅಲ್ಲಿ ಈ ಎರಡೂ ದಾರಿ ಒಟ್ಟಿಗೆ ನಡೆಯುತ್ತವೆ. ಬೋಲ್ ಯಾವುದು, ರಾಗದ ಹೆಸರೇನು ಅನ್ನುವುದು ಮೊದಲ ಥರದ ನೆನಪು. ಸಾವಿರ ಸಲ ಬಾರಿಸಿ ಬಾರಿಸಿ ಬೆರಳು ತಾನಾಗಿಯೇ ಬೀಳುವುದು ಎರಡನೇ ಥರದ್ದು.

ಇನ್ನೂ ಇಬ್ಬರು ಇದ್ದಾರೆ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಈ ಕ್ಷಣದ ಕೆಲಸಕ್ಕೆ ಬೇಕಾದದ್ದನ್ನು ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಅಂಗೈ ಬಹಳ ಸಣ್ಣದು, ಒಂದು ಸಲಕ್ಕೆ ನಾಲ್ಕೈದು ಸಂಗತಿ ಹಿಡಿದರೆ ಹೆಚ್ಚು. ಹಿಪೊಕ್ಯಾಂಪಸ್‌ಗೆ ತಾಗಿಕೊಂಡೇ ಬಾದಾಮಿ ಆಕಾರದ ಅಮಿಗ್ಡಲಾ ಇದೆ, ಭಯ ಗಾಬರಿ ಆದಾಗ ಇದನ್ನು ಗಟ್ಟಿ ಇಟ್ಟುಕೊ ಅಂತ ಮುದ್ರೆ ಒತ್ತುವುದು ಅದು. 2019ರ ಮಾರ್ಚ್‌ನಲ್ಲಿ ಕುಮಾರೇಶ್ವರ ನಗರದ ಕಟ್ಟಡ ಕುಸಿದ ಸುದ್ದಿ ಬಂದಾಗ ತಾವು ಎಲ್ಲಿದ್ದೆವು ಅಂತ ಧಾರವಾಡದ ಎಷ್ಟೋ ಮಂದಿ ಇವತ್ತೂ ಹೇಳುತ್ತಾರೆ. ಅದರ ಹಿಂದಿನ ದಿನ ಎಲ್ಲಿದ್ದಿರಿ ಅಂತ ಕೇಳಿ ನೋಡಿ.

73ನೇ ತಿದ್ದುಪಡಿ ತಲೆಗೆ ಇಳಿಯುವ ದಾರಿ

ಈಗ ರೀಡಿಂಗ್ ರೂಮಿಗೆ ವಾಪಸ್ ಬರೋಣ. ಪಿಡಿಒ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳ ಮುಂದೆ ಒಂದು ಸಾಲು ಇದೆ: ಪಂಚಾಯತ್ ರಾಜ್‌ಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ, ಜಾರಿಗೆ ಬಂದದ್ದು 24 ಏಪ್ರಿಲ್ 1993, 11ನೇ ಅನುಸೂಚಿಯಲ್ಲಿ 29 ವಿಷಯಗಳು.

ಕಣ್ಣು ಓದಿದ್ದು ಮೊದಲು ಆ ಸಣ್ಣ ಅಂಗೈಗೆ ಬರುತ್ತದೆ. ಫೋನು ಟಿಂಗ್ ಅಂದರೆ ಅಲ್ಲಿಂದ ಉದುರಿಬಿಡುತ್ತದೆ. ಗಮನ ಇಟ್ಟು, ಇದಕ್ಕೂ ಮೊದಲೇ ಗೊತ್ತಿರುವ ಸಂಗತಿಗಳಿಗೂ ಗಂಟು ಹಾಕಿದರೆ ಹಿಪೊಕ್ಯಾಂಪಸ್ ಅದನ್ನು ಹಿಡಿದುಕೊಳ್ಳುತ್ತದೆ. ತನ್ನೂರಿನ ಗ್ರಾಮ ಪಂಚಾಯಿತಿ ಕಟ್ಟಡ, ಅಲ್ಲಿ ನಡೆದ ನರೇಗಾ ಕೆಲಸ, ಹೋದ ಚುನಾವಣೆಯಲ್ಲಿ ಗೆದ್ದ ಚಿಗವ್ವ, ಇವೆಲ್ಲ ಗಂಟು ಹಾಕಲು ಸಿಗುವ ಗೂಟಗಳು. ಹಿಪೊಕ್ಯಾಂಪಸ್ ಇಟ್ಟುಕೊಳ್ಳುವುದು ವಿಷಯವನ್ನಲ್ಲ, ಯಾವ್ಯಾವ ನರಕೋಶಗಳು ಒಟ್ಟಿಗೆ ಎದ್ದವು ಅನ್ನುವ ಪಟ್ಟಿಯನ್ನು. ರಾತ್ರಿ ಗಾಢ ನಿದ್ದೆಯಲ್ಲಿ ಅದು ಆ ಪಟ್ಟಿಯನ್ನು ಮತ್ತೆ ಮತ್ತೆ ಓಡಿಸುತ್ತದೆ, ಮೆದುಳಿನ ಹೊರಪದರದಲ್ಲಿ ಆ ಕೋಶಗಳ ನಡುವಿನ ಗಂಟು ನಿಧಾನವಾಗಿ ಬಿಗಿಯಾಗುತ್ತದೆ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ಕಳೆದುಕೊಳ್ಳುವುದು ಈ ಕೆಲಸವನ್ನು. ಅಂಗಡಿಗೆ ಮಾಲು ತಂದು ಬಾಗಿಲಲ್ಲೇ ಇಳಿಸಿ ಹೋದ ಹಾಗೆ.

ಇಷ್ಟಾದರೂ ಕೆಲಸ ಅರ್ಧ. ಇನ್ನರ್ಧ ನೆನಪು ತೆಗೆಯುವುದರಲ್ಲಿದೆ, ಇಡುವುದರಲ್ಲಲ್ಲ. ಪುಸ್ತಕ ಮುಚ್ಚಿ, 29 ವಿಷಯ ಯಾವುವು ಅಂತ ತಲೆ ಕೆರೆದುಕೊಂಡು ಕೃಷಿ, ಸಣ್ಣ ನೀರಾವರಿ, ಮೀನುಗಾರಿಕೆ ಅಂತ ಒಂದೊಂದೇ ಹೊರಗೆಳೆಯುವಾಗ ಆ ದಾರಿ ಸವೆದು ಅಗಲವಾಗುತ್ತದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರು ಒಂದು ಪಾಠವನ್ನು ನಾಲ್ಕು ಸಲ ಓದಿದರು. ಕೆಲವರು ಒಂದೇ ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದೆ, ಶೇ 83ಕ್ಕೆ ಶೇ 71. ಒಂದು ವಾರದ ನಂತರ ಲೆಕ್ಕ ತಿರುಗಿತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದು ನೋಡಿದವರಲ್ಲಿ ಶೇ 61. ಮತ್ತೂ ಮಜಾ ಅಂದರೆ, ನನಗೆ ಚೆನ್ನಾಗಿ ನೆನಪಿರುತ್ತದೆ ಅಂತ ಹೆಚ್ಚು ಭರವಸೆ ಇದ್ದದ್ದು ಬರೀ ಓದಿದ ಗುಂಪಿಗೆ.

ಇಲ್ಲಿಗೆ ಎಂಐಟಿಯ ಒಗಟು ಬಿಡಿಸಿಕೊಳ್ಳುತ್ತದೆ. ಚಾಟ್‌ಜಿಪಿಟಿಗೆ ಬರೆಯಲು ಹೇಳಿದವರು ಗಂಟು ಹಾಕುವ ಕೆಲಸವನ್ನೂ ಹೊರಗೆಳೆಯುವ ಕೆಲಸವನ್ನೂ ಎರಡನ್ನೂ ಬಿಟ್ಟುಕೊಟ್ಟಿದ್ದರು. ವಾಕ್ಯ ಅವರ ಕಣ್ಣ ಮುಂದೆ ಹಾದುಹೋಯಿತು ಅಷ್ಟೇ. ಕಳೆದುಕೊಳ್ಳಲು ಅಲ್ಲಿ ನೆನಪೇ ಹುಟ್ಟಿರಲಿಲ್ಲ.

ಮೆದುಳು ಹೀಗೆ ಬಿಟ್ಟುಕೊಡಲು ಸದಾ ತಯಾರಿರುತ್ತದೆ ಅನ್ನುವುದೂ ನಿಜ. ಸುಮಾರು 1.4 ಕೆಜಿ ತೂಕ, ಅಂದಾಜು 8,600 ಕೋಟಿ ನರಕೋಶ, ದೇಹದ ತೂಕದ ಶೇ 2 ಮಾತ್ರ ಇದ್ದರೂ ಸುಮ್ಮನೆ ಕೂತಾಗಲೂ ಶಕ್ತಿಯ ಶೇ 20ನ್ನು ತಿನ್ನುತ್ತದೆ. ಖರ್ಚು ಜಾಸ್ತಿ ಇರುವವರು ಜಿಪುಣರಾಗುವುದು ಸಹಜ ಅಲ್ವಾ?

ಈ ಕೂಗು ಹೊಸದಲ್ಲ ಅನ್ನುವವರು

ಎದುರು ಪಕ್ಷದ ವಾದ ಹಗುರವಾದದ್ದಲ್ಲ. ಹೊಸ ಸಾಧನ ಬಂದಾಗಲೆಲ್ಲ ನೆನಪು ಸತ್ತಿತು ಅಂತ ಯಾರಾದರೂ ಅತ್ತಿದ್ದಾರೆ, ಜಗತ್ತು ಮುಂದೆ ಹೋಗಿದೆ ಅನ್ನುತ್ತಾರೆ ಅವರು. ಬರವಣಿಗೆಯಿಂದ ಜನರ ನೆನಪು ಕೆಡುತ್ತದೆ ಎಂಬ ಆಕ್ಷೇಪ ಪ್ರಾಚೀನ ಗ್ರೀಸ್‌ನ ಸಾಕ್ರಟೀಸ್ ಹೆಸರಿನಲ್ಲಿದೆ. ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ಕುಮಾರವ್ಯಾಸನೂ ಹಲಗೆ ಬಳಪ ಹಿಡಿಯದೆ ಕಾವ್ಯ ಕಟ್ಟುವುದು ತನ್ನ ಹೆಗ್ಗಳಿಕೆ ಅಂತ ಹೇಳಿಕೊಂಡವನೇ. ಆದರೂ ಅವನ ಕಾವ್ಯ ನಮ್ಮವರೆಗೆ ಬಂದದ್ದು ಗಮಕಿಗಳ ಬಾಯಿಯ ಜೊತೆಗೆ ತಾಳೆಗರಿಯ ದಾರಿಯಲ್ಲೂ. ಕ್ಯಾಲ್ಕುಲೇಟರ್ ಬಂದಾಗ ಮಗ್ಗಿ ಸತ್ತಿತು ಅಂದರು, ಗಣಿತ ಸಾಯಲಿಲ್ಲ.

ಈ ಪಕ್ಷಕ್ಕೆ ಇನ್ನೊಂದು ಬಲವಾದ ಸಾಕ್ಷಿ ಇದೆ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು, ಕಂಪ್ಯೂಟರಿನಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಜನ ವಿಷಯವನ್ನು ಮರೆತು ಅದು ಎಲ್ಲಿದೆ ಅನ್ನುವುದನ್ನು ಮಾತ್ರ ನೆನಪಿಡುತ್ತಾರೆ ಅಂತ ತೋರಿಸಿದರು. ಗೂಗಲ್ ಪರಿಣಾಮ ಅಂತ ಅದು ದೊಡ್ಡ ಸುದ್ದಿಯಾಯಿತು. ದೊಡ್ಡ ದೊಡ್ಡ ವಿಜ್ಞಾನ ನಿಯತಕಾಲಿಕೆಗಳಲ್ಲಿ ಬಂದಿದ್ದ 21 ಪ್ರಯೋಗಗಳನ್ನು 2018ರಲ್ಲಿ ಮರಳಿ ಮಾಡಿ ನೋಡಿದಾಗ, ಆ ಅಧ್ಯಯನದಿಂದ ಆರಿಸಿದ್ದ ಪ್ರಯೋಗ ಮೊದಲಿನ ಫಲಿತಾಂಶ ಕೊಡಲಿಲ್ಲ. ಅಂದರೆ ಇಂಥ ಸುದ್ದಿಯನ್ನು ಒಂದೇ ಏಟಿಗೆ ನಂಬಬೇಡಿ ಅನ್ನುವ ಎಚ್ಚರಿಕೆಗೆ ಕಾರಣ ಇದೆ.

ಆದರೆ ಮೆದುಳು ಬಳಕೆಗೆ ತಕ್ಕಂತೆ ಬದಲಾಗುವುದೂ ಸುಳ್ಳಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರು ಲೈಸೆನ್ಸ್ ಪಡೆಯಬೇಕಾದರೆ ಸುಮಾರು 25,000 ಬೀದಿಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಎಲಿನರ್ ಮ್ಯಾಗ್ವಾಯರ್ 2000ದಲ್ಲಿ ಅವರ ಮೆದುಳು ಸ್ಕ್ಯಾನ್ ಮಾಡಿದಾಗ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿತ್ತು. ದೊಡ್ಡದಿದ್ದವರೇ ಈ ಕೆಲಸಕ್ಕೆ ಬಂದರೇನೋ ಅನ್ನುವ ಅನುಮಾನ ಇತ್ತಲ್ಲ, ಅದಕ್ಕೆ 2011ರಲ್ಲಿ ಉತ್ತರ ಸಿಕ್ಕಿತು. ತರಬೇತಿಗೆ ಸೇರಿದ 79 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಪಾಸಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಲಿನ ಗಲ್ಲಿಗಳನ್ನು ಕಣ್ಣು ಮುಚ್ಚಿ ಹೇಳುವ ಹಳೆಯ ಆಟೊ ಚಾಲಕರನ್ನು ಸ್ಕ್ಯಾನ್ ಮಾಡಿದರೆ ಏನು ಕಾಣುತ್ತಿತ್ತೋ, ನೋಡಬೇಕು ಅನ್ನಿಸುತ್ತದೆ.

ನನ್ನ ಲೆಕ್ಕದಲ್ಲಿ ಕ್ಯಾಲ್ಕುಲೇಟರ್ ಹೋಲಿಕೆ ಅರ್ಧ ದಾರಿಯವರೆಗೆ ಸರಿ. ಕ್ಯಾಲ್ಕುಲೇಟರ್ ಒಂದೇ ಒಂದು ಕೆಲಸ ಕಸಿದುಕೊಂಡಿತು, ಲೆಕ್ಕ ಯಾವುದು ಅಂತ ಯೋಚಿಸುವುದನ್ನು ನಮಗೇ ಬಿಟ್ಟಿತು. ಚಾಟ್‌ಜಿಪಿಟಿ ಓದುವುದು, ಸಾರ ತೆಗೆಯುವುದು, ವಾದ ಕಟ್ಟುವುದು, ಬರೆಯುವುದು ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಕೊಡುತ್ತದೆ.

ಟರ್ಕಿಯ ಗಣಿತ ತರಗತಿಯಲ್ಲಿ ಕಂಡದ್ದು

ಈ ಜಗಳಕ್ಕೆ ಹೆಚ್ಚು ಬೆಳಕು ಕೊಡುವ ಪ್ರಯೋಗ ಸುದ್ದಿಯಾದದ್ದು ಕಡಿಮೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಟರ್ಕಿಯ ಒಂದು ಹೈಸ್ಕೂಲಿನ ಸುಮಾರು 1,000 ಮಕ್ಕಳ ಮೇಲೆ ಮಾಡಿದ್ದು, 2025ರಲ್ಲಿ ಪ್ರಕಟವಾಯಿತು. ಕೆಲವರಿಗೆ ಗಣಿತ ಅಭ್ಯಾಸಕ್ಕೆ ಸಾಮಾನ್ಯ ಚಾಟ್‌ಜಿಪಿಟಿಯಂಥದ್ದು ಕೊಟ್ಟರು. ಅಭ್ಯಾಸದಲ್ಲಿ ಅವರ ಅಂಕ ಶೇ 48 ಏರಿತು. ಅದನ್ನು ಕಸಿದುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದ ಮಕ್ಕಳಿಗಿಂತ ಶೇ 17 ಕಡಿಮೆ ಬಂತು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಬರೀ ಸುಳಿವು ಕೊಡುವಂತೆ ಮೇಷ್ಟ್ರು ತಿದ್ದಿದ ಎಐ ಕೊಟ್ಟರು. ಅವರ ಅಭ್ಯಾಸದ ಅಂಕ ಶೇ 127 ಏರಿತು, ಪರೀಕ್ಷೆಯಲ್ಲಿ ಹೇಳಿಕೊಳ್ಳುವ ನಷ್ಟ ಆಗಲಿಲ್ಲ. ಹಾಗಂತ ದೊಡ್ಡ ಲಾಭವೂ ಆಗಲಿಲ್ಲ ಅನ್ನುವುದನ್ನು ಎಐ ಮಾರುವವರು ಹೇಳುವುದಿಲ್ಲ.

ಸಾಧನ ಒಂದೇ. ತಲೆ ಕೆರೆದುಕೊಳ್ಳುವ ಹೊತ್ತು ಮಕ್ಕಳ ಪಾಲಿಗೆ ಉಳಿಯಿತೋ ಇಲ್ಲವೋ ಅನ್ನುವುದರ ಮೇಲೆ ಫಲಿತಾಂಶ ತಿರುಗಿತು.

ಬಾಯಿಪಾಠ ಬೇಕಾ ಬೇಡವಾ

ಇಲ್ಲಿ ಹಳೆಯ ಜಗಳವೊಂದು ತಲೆ ಎತ್ತುತ್ತದೆ. ಎಲ್ಲ ಫೋನಿನಲ್ಲಿ ಇರುವಾಗ ಉರು ಹೊಡೆಯುವುದು ಯಾಕೆ, ಅರ್ಥ ಆದರೆ ಸಾಕಲ್ವಾ? ಕೇಳಲು ಚೆನ್ನಾಗಿದೆ. ಆದರೆ ಅರ್ಥ ಮಾಡಿಕೊಳ್ಳುವ ಕೆಲಸ ನಡೆಯುವುದು ಆ ನಾಲ್ಕೈದು ಸಂಗತಿಯ ಅಂಗೈ ಮೇಲೆ. ಏಳೆಂಟಲೆ ಐವತ್ತಾರು ಅನ್ನುವುದು ನಾಲಗೆ ಮೇಲಿದ್ದ ಹುಡುಗನಿಗೆ ಬೀಜಗಣಿತದ ಸಾಲು ನೋಡಲು ಅಂಗೈ ಖಾಲಿ ಇರುತ್ತದೆ. ಇಲ್ಲದವನ ಅಂಗೈ ಗುಣಾಕಾರದಲ್ಲೇ ತುಂಬಿಹೋಗುತ್ತದೆ. ತಲೆಯೊಳಗೆ ಇದ್ದದ್ದು ಮಾತ್ರ ಹೊಸದಕ್ಕೆ ಗೂಟವಾಗುತ್ತದೆ, ಫೋನಿನಲ್ಲಿದ್ದದ್ದು ಆಗುವುದಿಲ್ಲ.

ಬಾಯಿಪಾಠದ ಪರ ಇರುವವರು ಭಾರತದ ಪಂಡಿತರ ಮೇಲೆ ನಡೆದು 2016ರಲ್ಲಿ ಬಂದ ಒಂದು ಅಧ್ಯಯನವನ್ನು ಎತ್ತಿ ಹಿಡಿಯುತ್ತಾರೆ. ವೇದವನ್ನು ವರ್ಷಗಟ್ಟಲೆ ಕಂಠಪಾಠ ಮಾಡಿದ 21 ಪಂಡಿತರ ಮೆದುಳನ್ನು ಬೇರೆ 21 ಜನರದ್ದಕ್ಕೆ ಹೋಲಿಸಿದಾಗ, ಪಂಡಿತರಲ್ಲಿ ಹಲವು ಭಾಗಗಳು ದಟ್ಟವಾಗಿದ್ದವು. ಇದರಿಂದ ಸಂಸ್ಕೃತ ಕಲಿತರೆ ನೆನಪು ಬೆಳೆಯುತ್ತದೆ ಅಂತ ಹಬ್ಬಿಸಿದರು. ಒಂದೇ ಸಲ ತೆಗೆದ ಸ್ಕ್ಯಾನ್ ಅದು, ಟ್ಯಾಕ್ಸಿ ಚಾಲಕರಂತೆ ಮೊದಲು ಮತ್ತು ನಂತರ ಅಂತ ನೋಡಿದ್ದಲ್ಲ. ಕಾರಣ ಭಾಷೆಯೋ, ದಿನಕ್ಕೆ ಗಂಟೆಗಟ್ಟಲೆ ಪಠಿಸುವ ಅಭ್ಯಾಸವೋ, ಉಸಿರೋ, ಬಿಡಿಸಿ ಹೇಳಲು ಅದರಿಂದ ಆಗದು. ಅರ್ಥ ಗೊತ್ತಿಲ್ಲದೆ ಗೈಡು ಉರು ಹೊಡೆಯುವುದಕ್ಕಂತೂ ಅದು ಸಾಕ್ಷಿಯೇ ಅಲ್ಲ. ಅಂಥ ಓದಿಗೆ ಗೂಟಗಳು ಕಡಿಮೆ, ಪ್ರಶ್ನೆ ಸ್ವಲ್ಪ ತಿರುಚಿದರೆ ಕಳಚಿ ಬೀಳುತ್ತದೆ.

ಇದರಿಂದ ಆಗುವುದೇನು

ಸಪ್ತಾಪುರದ ಮಟ್ಟಿಗೆ ಮೊದಲ ಪರಿಣಾಮ ನೇರವಾದದ್ದು. ಪರೀಕ್ಷೆ ಹಾಲಿಗೆ ಫೋನು ಬರುವುದಿಲ್ಲ. ಎಐ ಮಾಡಿಕೊಟ್ಟ ಅಚ್ಚುಕಟ್ಟಾದ ನೋಟ್ಸು ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಆ ನಾಲ್ಕು ಸಲ ಓದಿದ ಗುಂಪಿಗೆ ಅನ್ನಿಸಿತ್ತಲ್ಲ, ಹಾಗೆ. ಗಾಬರಿಯಾದಾಗ ಒತ್ತಡದ ಹಾರ್ಮೋನು ನೆನಪು ಹೊರಗೆಳೆಯುವ ಕೆಲಸಕ್ಕೇ ಅಡ್ಡ ಬರುತ್ತದೆ. ಹಿಂದೆ ಹತ್ತು ಸಲ ಎಳೆದು ಅಭ್ಯಾಸವಾದದ್ದು ಆಗಲೂ ಬರುವ ಸಾಧ್ಯತೆ ಹೆಚ್ಚು, ಕಣ್ಣಾಡಿಸಿ ಬಿಟ್ಟದ್ದು ಬರುವುದಿಲ್ಲ. ನೆಗೆಟಿವ್ ಅಂಕ ಇರುವ ಕಡೆ ಅರೆನೆನಪು ಮರೆವಿಗಿಂತ ದುಬಾರಿ.

ಎರಡನೆಯದು ಸ್ವಲ್ಪ ಮರೆಯಲ್ಲಿದೆ. ಎಐ ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತದೆ. ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಅತ್ತಿಮಬ್ಬೆ ಅಂತ ತಲೆಯಲ್ಲಿ ಇದ್ದವಳಿಗೆ ಬೇರೆ ಹೆಸರು ಬಂದ ಕೂಡಲೇ ವಾಸನೆ ಹೊಡೆಯುತ್ತದೆ. ಇಲ್ಲದವಳು ಅದನ್ನೇ ನೋಟ್ಸಿಗೆ ಇಳಿಸಿಕೊಳ್ಳುತ್ತಾಳೆ. ಹೀಗಾಗಿ ಮೊದಲೇ ಗೊತ್ತಿದ್ದವರಿಗೆ ಎಐ ಒಳ್ಳೆಯ ಆಳು, ಗೊತ್ತಿಲ್ಲದವರಿಗೆ ಅದೇ ಯಜಮಾನ. ಪುಕ್ಕಟೆ ಕೊಟ್ಟರೂ ಇಬ್ಬರಿಗೂ ಸಿಗುವುದು ಒಂದೇ ಅಲ್ಲ.

ಕಾಲೇಜುಗಳಲ್ಲಿ ಮನೆಯಿಂದ ಬರೆದು ತರುವ ಅಸೈನ್‌ಮೆಂಟಿನ ಬೆಲೆ ಇಳಿಯುತ್ತಿದೆ. ಅದಕ್ಕೆ ಮೇಷ್ಟ್ರುಗಳ ಬಳಿ ಇರುವ ದಾರಿ ಕಡಿಮೆ: ತರಗತಿಯಲ್ಲೇ ಕೂರಿಸಿ ಬರೆಸುವುದು, ಬರೆದದ್ದನ್ನು ಎದುರು ನಿಲ್ಲಿಸಿ ಕೇಳುವುದು. ಎರಡಕ್ಕೂ ಸಮಯ ಬೇಕು, ಒಂದು ತರಗತಿಗೆ ನೂರು ಮಕ್ಕಳಿರುವ ಕಡೆ ಅದು ಬಾಯಲ್ಲಿ ಹೇಳಿದಷ್ಟು ಸುಲಭವಿಲ್ಲ.

ಬಳಸುವವರಿಗೆ ಉಳಿಯುವುದು ಕ್ರಮದ ಪ್ರಶ್ನೆ. ಮೊದಲು ರಫ್ ಹಾಳೆಯಲ್ಲಿ 29ರಲ್ಲಿ ನೆನಪಾದ 17 ಬರೆದು, ಆಮೇಲೆ ಬಿಟ್ಟುಹೋದದ್ದೇನು ಅಂತ ಫೋನಿಗೆ ಕೇಳುವುದು ಒಂದು ಕ್ರಮ. 29ನ್ನೂ ಪಟ್ಟಿ ಮಾಡಿಕೊಡು ಅಂತ ಮೊದಲೇ ಕೇಳುವುದು ಇನ್ನೊಂದು. ಎಂಐಟಿಯ ನಾಲ್ಕನೇ ಸುತ್ತು, ಟರ್ಕಿಯ ತರಗತಿ ಎರಡೂ ಮೊದಲನೆಯದರ ಕಡೆ ಕೈ ತೋರುತ್ತವೆ.

ಈ ಕ್ರಮದ ಪ್ರಶ್ನೆ ಇನ್ನು ಸಣ್ಣ ಮಕ್ಕಳ ಹತ್ತಿರವೂ ಬರಲಿದೆ. 2026-27ರಿಂದ ಮೂರನೇ ತರಗತಿಯಿಂದಲೇ ಎಐ ಪಠ್ಯ ತರುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಎಐ ಬಗ್ಗೆ ಕಲಿಯುವುದು ಬೇರೆ, ಎಐಯಿಂದ ಹೋಮ್‌ವರ್ಕ್ ಮಾಡಿಸುವುದು ಬೇರೆ, ಪಠ್ಯದ ಉದ್ದೇಶ ಮೊದಲನೆಯದು. ಆದರೆ ಮೂರನೇ ತರಗತಿ ಅಂದರೆ ಏಳೆಂಟಲೆ ಐವತ್ತಾರು ಇನ್ನೂ ನಾಲಗೆಗೆ ಹತ್ತುತ್ತಿರುವ ವಯಸ್ಸು, ಮತ್ತು ಮನೆಯಲ್ಲಿ ಅಪ್ಪನ ಫೋನಿನಲ್ಲಿ ಅದು ಈಗಾಗಲೇ ಪುಕ್ಕಟೆ ಇದೆ.